ರೋಡ್‌ಕಿಂಗ್ ಬಗ್ಗೆ ಕೇಳಿದ್ದು, ಓಡಿಸಿ ಕಂಡದ್ದು

ಮೈಸೂರಿನಲ್ಲಿ ಯೆಜ್ಡಿ ರೋಡ್‌ಕಿಂಗ್ ಅನ್ನುವ ಹಳೆ ಬೈಕ್ ಓಡಿಸುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆಯುವಷ್ಟರಲ್ಲಿ ಯಾರಾದರೊಬ್ಬರು ಹತ್ತಿರ ಬಂದಿರುತ್ತಾರೆ. "ಯಾವ ಮಾಡೆಲ್ಲು?" ಅನ್ನುತ್ತಾರೆ. ನಾವು ಬಾಯಿ ತೆರೆಯುವ ಮೊದಲೇ ಅವರ ಗಾಡಿಯ ಕತೆ ಶುರುವಾಗುತ್ತದೆ. ದೇವರಾಜ ಮಾರ್ಕೆಟ್ ಹತ್ತಿರ ಹೂವು ಕೊಳ್ಳುವಾಗ, ಮಂಡ್ಯದಲ್ಲಿ ಪೆಟ್ರೋಲ್ ಹಾಕಿಸುವಾಗ, ಶ್ರೀರಂಗಪಟ್ಟಣದಲ್ಲಿ ಕಬ್ಬಿನ ಹಾಲು ಕುಡಿಯುವಾಗ ಹೀಗೆ ಎಷ್ಟೋ ಕತೆ ಕೇಳಿದ್ದೇನೆ.

ಕತೆ ಹೇಳುವವರು ಬೇರೆ ಬೇರೆ, ಆದರೆ ಕೆಲವು ಮಾತು ಎಲ್ಲರ ಬಾಯಲ್ಲೂ ಬರುತ್ತವೆ. 120ಕ್ಕೆ ಹೋಗ್ತಿತ್ತು. ಮೂರು ಜನ ಕೂತರೂ ಚಾಮುಂಡಿ ಬೆಟ್ಟ ಹತ್ತುತ್ತಿತ್ತು. ಕಿಕ್ಕರ್ ವಾಪಸ್ ಹೊಡೆದರೆ ಕಾಲೇ ಮುರಿಯುತ್ತಿತ್ತು. ಎರಡು ಬೀದಿ ಆಚೆಯಿಂದಲೇ ಸದ್ದು ಕೇಳಿ ಯಾರು ಬಂದರು ಅಂತ ಹೇಳಬಹುದಿತ್ತು. ಅಂಥ ಗಾಡಿ ಇನ್ನು ಬರಲ್ಲ.

ನನ್ನ ಮನೆ ಒಂಟಿಕೊಪ್ಪಲಿನಲ್ಲಿ. ಪಾಂಡವಪುರದ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮಳೆ ಇಲ್ಲದ ದಿನ ಶಾಲೆಗೂ ರೋಡ್‌ಕಿಂಗೇ. ಹಳೆ ಗಾಡಿ ಕೊಳ್ಳಬೇಕು ಅಂತ ಆಸೆಪಡುವ ಹುಡುಗರು, ಅವರಪ್ಪಂದಿರು ನನ್ನ ಹತ್ತಿರ ಬಂದು ಕೇಳುತ್ತಾರೆ, "ಮೇಡಂ, ತಗೋಬಹುದಾ?" ಅಂತ. ಅವರು ಬಂದಿರುವುದು ಈ ಕತೆಗಳನ್ನು ಕೇಳಿಯೇ. ಹಾಗಾಗಿ ಈ ವಿಮರ್ಶೆಯಲ್ಲಿ ಮಾಲೀಕರು ಹೇಳುವ ನೆನಪುಗಳನ್ನೇ ತೆಗೆದುಕೊಂಡು ನನ್ನ ಗಾಡಿಯ ಮೇಲೆ ಪರೀಕ್ಷೆ ಮಾಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ. ನೆನಪುಗಳು ಬಹುಪಾಲು ನಿಜ. ಆದರೆ ಕಾರಣ ಅವರು ಹೇಳುವುದಲ್ಲ. ಇನ್ನು ಕೆಲವು ವಿಷಯಗಳನ್ನು ನೆನಪು ಹೇಳುವುದೇ ಇಲ್ಲ. ಕೊಳ್ಳುವವರಿಗೆ ಬೇಕಾದದ್ದು ಅದೇ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಐಡಿಯಲ್ ಜಾವಾ ಕಂಪನಿ ಶುರುವಾಗಿದ್ದು 1960ರಲ್ಲಿ. ಕಾರ್ಖಾನೆ ಯಾದವಗಿರಿಯಲ್ಲಿ. 1961ರಲ್ಲಿ ಅದನ್ನು ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರ್. ಮೊದಲು ತಯಾರಾದದ್ದು ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ 250 ಸಿಸಿ ಗಾಡಿ. 1973ರಿಂದ ಟ್ಯಾಂಕ್ ಮೇಲೆ ಯೆಜ್ಡಿ ಅಂತ ಹೆಸರು ಬಂತು. ರೋಡ್‌ಕಿಂಗ್ ಬಂದದ್ದು 1978ರಲ್ಲಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದರೆ ಈಗ ರಸ್ತೆಯಲ್ಲಿರುವ ಅತಿ ಹೊಸ ರೋಡ್‌ಕಿಂಗ್‌ಗೂ ಮೂವತ್ತು ವರ್ಷದ ಆಸುಪಾಸು ವಯಸ್ಸಾಗಿದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದ್ದು ಓದಿ.

ನನ್ನ ಸೋದರಮಾವ ಆ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಕ್ರ್ಯಾಂಕ್ ಜೋಡಿಸುವ ವಿಭಾಗ. ಪಿಸ್ಟನ್ ಮೇಲೆ ಕೆಳಗೆ ಓಡಾಡುವುದನ್ನು ಸುತ್ತಾಗಿ ಬದಲಿಸುವ ಭಾಗವೇ ಕ್ರ್ಯಾಂಕ್. ರೋಡ್‌ಕಿಂಗ್‌ನ ಕ್ರ್ಯಾಂಕ್ ಒಂದೇ ತುಂಡಲ್ಲ. ಎರಡು ದಪ್ಪ ಚಕ್ರಗಳ ನಡುವೆ ಪಿನ್ ಇಟ್ಟು ಪ್ರೆಸ್‌ನಲ್ಲಿ ಒತ್ತಿ ಕೂರಿಸಬೇಕು. ಕೂರಿಸಿದ ಮೇಲೆ ಎರಡೂ ಪಕ್ಕ ಒಂದೇ ಗೆರೆಯಲ್ಲಿ ತಿರುಗುತ್ತಿದೆಯಾ ಅಂತ ಡಯಲ್ ಇಟ್ಟು ನೋಡಬೇಕು. ಓರೆ ಇದ್ದರೆ ತಾಮ್ರದ ಸುತ್ತಿಗೆಯಿಂದ ತಟ್ಟಿ ಸರಿ ಮಾಡಬೇಕು. ಮಾವ ಈಗಲೂ ನನ್ನ ಗಾಡಿಯ ಸದ್ದು ಕೇಳಿದರೆ ಕಣ್ಣು ಮುಚ್ಚಿಕೊಂಡು ಒಂದು ನಿಮಿಷ ಸುಮ್ನೆ ನಿಲ್ಲುತ್ತಾರೆ. ಆಮೇಲೆ "ಕ್ರ್ಯಾಂಕ್ ಚೆನ್ನಾಗಿದೆ ಕಣಮ್ಮ" ಅನ್ನುತ್ತಾರೆ. ಆ ಒಂದು ಮಾತನ್ನು ನಾನು ಯಾವ ಸರ್ವಿಸ್ ಸೆಂಟರ್ ಸರ್ಟಿಫಿಕೇಟಿಗೂ ಬಿಟ್ಟುಕೊಡಲ್ಲ.

ಈಗ ಮೊದಲ ನೆನಪು, ಕಿಕ್ಕರ್. ಈ ಗಾಡಿಯಲ್ಲಿ ಗೇರ್ ಲಿವರ್ರೇ ಕಿಕ್ಕರ್. ಎಡಗಡೆ ಇರುವ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಸ್ಟಾರ್ಟ್ ಆದ ಮೇಲೆ ವಾಪಸ್ ಮುಂದಕ್ಕೆ ತಂದರೆ ಗೇರ್. ಮೊದಲ ಸಲ ನೋಡಿದವರು ಗಾಡಿ ಸುತ್ತ ಕಿಕ್ಕರ್ ಹುಡುಕುತ್ತಾರೆ. ಜಾವಾ ಕಾಲದಿಂದ ಬಂದ ವ್ಯವಸ್ಥೆ ಇದು. ಆ ಕಾಲದ ಬುಲೆಟ್‌ಗೆ ಗೇರ್ ಬಲಗಡೆ, ಬ್ರೇಕ್ ಎಡಗಡೆ. ಇದಕ್ಕೆ ಆಗಲೇ ಗೇರ್ ಎಡಗಡೆ. ಅದಕ್ಕೇ ಇವತ್ತಿನ ಗಾಡಿ ಓಡಿಸಿ ರೂಢಿ ಇರುವವರು ರೋಡ್‌ಕಿಂಗ್ ಮೇಲೆ ಕೂತರೆ ಕಾಲು ತಬ್ಬಿಬ್ಬಾಗಲ್ಲ.

ಕಿಕ್ಕರ್‌ಗೆ ಬಲ ಬೇಕು, ಹೆಂಗಸರ ಕೈಲಿ ಆಗಲ್ಲ ಅಂತ ತುಂಬಾ ಜನ ನನಗೆ ಹೇಳಿದ್ದಾರೆ. ಆಗುತ್ತದೆ. ಬೇಕಾದದ್ದು ಕ್ರಮ. ಬೆಳಗ್ಗೆ ಎಂಜಿನ್ ತಣ್ಣಗಿದ್ದಾಗ ಪೆಟ್ರೋಲಿನ ನಲ್ಲಿಯನ್ನು ತೆರೆದು, ಚೋಕ್ ಎಳೆದು, ಸ್ವಿಚ್ ಹಾಕದೆ ಒಂದೆರಡು ಸಲ ಮೆಲ್ಲಗೆ ಒತ್ತಬೇಕು. ಪೆಟ್ರೋಲ್ ಒಳಗೆ ಬರುತ್ತದೆ. ಆಮೇಲೆ ಕಿಕ್ಕರ್ ಬಿಗಿಯಾಗುವ ಜಾಗವನ್ನು ಪಾದದಲ್ಲೇ ಹುಡುಕಬೇಕು. ಅದು ಸಿಕ್ಕಿದ ಮೇಲೆ ಲಿವರನ್ನು ಮೇಲಕ್ಕೆ ಬಿಟ್ಟು, ಸ್ವಿಚ್ ಹಾಕಿ, ಮೈಭಾರ ಬಿಟ್ಟು ಕೊನೆಯವರೆಗೂ ಒಂದೇ ಒತ್ತು. ಅರ್ಧಕ್ಕೆ ಕಾಲು ಹಿಂತೆಗೆದರೆ ಮಾತ್ರ ವಾಪಸ್ ಹೊಡೆಯುತ್ತದೆ. ಪಿಸ್ಟನ್ ಮೇಲಿನ ತುದಿ ದಾಟುವ ಮೊದಲೇ ಕಿಡಿ ಹಾರುತ್ತದೆ ಅಲ್ವಾ? ನಾವು ಕೊಟ್ಟ ವೇಗ ಸಾಲದಿದ್ದರೆ ಆ ಕಿಡಿ ಪಿಸ್ಟನ್ನನ್ನು ಹಿಂದಕ್ಕೇ ತಳ್ಳುತ್ತದೆ. ಕಿಡಿಗೆ ಪಾಯಿಂಟ್ ಇರುವ ಹಳೆ ಗಾಡಿಗಳಲ್ಲಿ ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ತಪ್ಪಿದರೆ ಇದು ಇನ್ನೂ ಜಾಸ್ತಿ. ನನ್ನದು ಸಿಡಿಐ, ಅಂದರೆ ಎಲೆಕ್ಟ್ರಾನಿಕ್ ಇಗ್ನಿಷನ್, ಬಂದ ಮೇಲಿನ ಗಾಡಿ. ಈ ವಿಷಯದಲ್ಲಿ ಮೃದು. ಕಾಲು ಮುರಿದ ಕತೆಗಳನ್ನು ನಾನು ನಂಬುತ್ತೇನೆ, ಆದರೆ ಟೈಮಿಂಗ್ ಸರಿಯಿರುವ ಗಾಡಿಗೆ ಹೆದರಬೇಕಾಗಿಲ್ಲ.

ಇದೇ ಲಿವರ್‌ನ ಇನ್ನೊಂದು ಗುಣ ಯಾರೂ ಹೇಳುವುದಿಲ್ಲ. ಗೇರ್ ಲಿವರ್ ಒತ್ತಿದರೆ ಅದೇ ಕ್ಲಚ್ಚನ್ನೂ ಬಿಡಿಸುತ್ತದೆ. ಕ್ಲಚ್ ಹಿಡಿ ಮುಟ್ಟದೆಯೂ ಗೇರ್ ಬದಲಾಗುತ್ತದೆ. ಕ್ಲಚ್ ವೈರ್ ತುಂಡಾದರೆ ದಾರಿಯಲ್ಲಿ ನಿಲ್ಲುವ ಹಾಗಿಲ್ಲ, ಮನೆ ಸೇರಬಹುದು. ಅರವತ್ತರ ದಶಕದಲ್ಲೇ ಜಾವಾದಲ್ಲಿದ್ದ ಈ ಬುದ್ಧಿವಂತಿಕೆ ನನಗೆ ಈಗಲೂ ಖುಷಿ ಕೊಡುತ್ತದೆ. ಎಂಟನೇ ಕ್ಲಾಸಿನ ಮಕ್ಕಳಿಗೆ ಗಾಡಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ತೋರಿಸಿದ್ದೇನೆ. ಅವರಿಗೂ ಇಷ್ಟವಾಯಿತು.

ಎರಡನೆಯದು ವೇಗ. ಎಲ್ಲ ಕತೆಗಳ ರಾಜ ಇದು. ಮಂಡ್ಯದ ಹತ್ತಿರ ಕಬ್ಬು ಬೆಳೆಯುವ ಹಿರಿಯರೊಬ್ಬರು ಎಂಬತ್ತರ ದಶಕದಲ್ಲಿ ರೋಡ್‌ಕಿಂಗ್ ಇಟ್ಟಿದ್ದರು. ಆಗ ಮೈಸೂರು-ಬೆಂಗಳೂರು ರಸ್ತೆ ಎಂದರೆ ಎರಡೂ ಪಕ್ಕ ಮರ, ನಡುವೆ ಕಿರಿದಾದ ಡಾಂಬರು. ಎದುರು ಲಾರಿ, ಮುಂದೆ ಬಸ್ಸು. ಅವರು ಹೇಳಿದ್ದು ಹೀಗೆ: "ಮದ್ದೂರು ದಾಟಿದ್ಮೇಕೆ ಮೂರ್ನೇ ಗೇರ್‌ನಾಗೆ ಒಂದು ತಿರುವು ಕೊಟ್ರೆ ಸಾಕು ಕಣವ್ವ, ಬಸ್ಸು ಇಂದಕ್ಕೋಗೋದು. ನೂರಿಪ್ಪತ್ತಕ್ಕೆ ಕಮ್ಮಿ ಹೋದೋನಲ್ಲ ನಾನು." ಹೇಳುವಾಗ ಅವರ ಬಲಗೈ ತಾನಾಗೇ ಆಕ್ಸಿಲರೇಟರ್ ತಿರುವುತ್ತಿತ್ತು.

ಕಾಗದದ ಮೇಲೆ ರೋಡ್‌ಕಿಂಗ್‌ನ ಶಕ್ತಿ 16 ಎಚ್‌ಪಿ. ಇವತ್ತಿನ 160 ಸಿಸಿ ಗಾಡಿಗಳೂ ಅಷ್ಟು ಕೊಡುತ್ತವೆ. ನನ್ನ ಗಾಡಿ 70ರಿಂದ 80ರ ತನಕ ನಿರಾಳವಾಗಿ ಹೋಗುತ್ತದೆ. 85 ದಾಟಿದ ಮೇಲೆ ಫುಟ್‌ರೆಸ್ಟಿನಲ್ಲಿ, ಹ್ಯಾಂಡಲಿನಲ್ಲಿ ನಡುಕ ಶುರು. ಅದರ ಮೇಲೆ ಓಡಿಸಲು ನನಗೆ ಮನಸ್ಸಿಲ್ಲ. ಆ ಕಾಲದ ಕೇಬಲ್ ಸ್ಪೀಡೋಮೀಟರುಗಳು ಇರುವ ವೇಗಕ್ಕಿಂತ ಹೆಚ್ಚು ತೋರಿಸುವುದೂ ಮಾಮೂಲಿ. 120 ಅನ್ನುವುದನ್ನು ನಾನು ಮುಳ್ಳಿನ ಲೆಕ್ಕಕ್ಕೆ ಬಿಡುತ್ತೇನೆ.

ಆದರೆ ಆ ಹಿರಿಯರು ಹೇಳಿದ ಬಸ್ಸಿನ ಮಾತು ಇದೆಯಲ್ಲ, ಅದು ಅಕ್ಷರಶಃ ನಿಜ. ಶ್ರೀರಂಗಪಟ್ಟಣದಿಂದ ಪಾಂಡವಪುರದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡಾಗ ನಾನು ದಿನವೂ ಇದನ್ನೇ ಮಾಡುತ್ತೇನೆ. ಮೂರನೇ ಗೇರ್, 40ರ ವೇಗ. ಆಕ್ಸಿಲರೇಟರ್ ತಿರುವಿದ ತಕ್ಷಣ ಗಾಡಿ ಹಿಂದಿನಿಂದ ಎತ್ತಿ ತಳ್ಳಿದ ಹಾಗೆ ಹೋಗುತ್ತದೆ. ಗೇರ್ ಇಳಿಸಬೇಕಾಗಿಲ್ಲ, ಎಂಜಿನ್ ಕಿರುಚಬೇಕಾಗಿಲ್ಲ. ಕಾರಣ ಸಿಲಿಂಡರಿನ ಅಳತೆಯಲ್ಲಿದೆ. ಅದರ ಅಗಲ 65 ಮಿಲಿಮೀಟರ್, ಪಿಸ್ಟನ್ ಓಡಾಡುವ ಉದ್ದ 75 ಮಿಲಿಮೀಟರ್. ಅಗಲಕ್ಕಿಂತ ಉದ್ದ ಜಾಸ್ತಿ. ಇಂಥ ಎಂಜಿನ್ ತುಂಬಾ ಜೋರಾಗಿ ಸುತ್ತುವುದಿಲ್ಲ, ಆದರೆ ಕಡಿಮೆ ಸುತ್ತಿನಲ್ಲೇ ಬಲವಾಗಿ ಎಳೆಯುತ್ತದೆ. ಜೊತೆಗೆ ಟೂ ಸ್ಟ್ರೋಕ್. ಪ್ರತಿ ಸುತ್ತಿಗೂ ಒಂದು ಹೊಡೆತ. ಆ ಹಿರಿಯರಿಗೆ ನೆನಪಿನಲ್ಲಿ ಉಳಿದದ್ದು 40ರಿಂದ 70ಕ್ಕೆ ಹೋಗುವ ಆ ಎಳೆತ. ಅದಕ್ಕೆ ಅವರು ಕೊಟ್ಟ ಲೆಕ್ಕ ನೂರಿಪ್ಪತ್ತು. ನನಗೆ ಅದು ಸುಳ್ಳು ಅನ್ನಿಸುವುದಿಲ್ಲ. ಮೈ ನೆನಪಿಟ್ಟುಕೊಳ್ಳುವುದು ಎಳೆತವನ್ನು, ಮುಳ್ಳನ್ನಲ್ಲ.

ಯಮಹಾ ಆರ್‌ಎಕ್ಸ್ 100ರ ಮಾತು ಬರದೆ ಈ ವಿಷಯ ಮುಗಿಯಲ್ಲ. ಅದು 1985ರಲ್ಲಿ ಬಂತು. 98 ಸಿಸಿ, 11 ಎಚ್‌ಪಿ. ತೂಕದಲ್ಲಿ ರೋಡ್‌ಕಿಂಗ್‌ಗಿಂತ ತುಂಬಾ ಹಗುರ. ನನ್ನ ಚಿಕ್ಕಪ್ಪನ ಮಗ ಆರ್‌ಎಕ್ಸ್ ಓಡಿಸುತ್ತಿದ್ದ. ರಾಮಸ್ವಾಮಿ ಸರ್ಕಲ್‌ನಲ್ಲಿ ಸಿಗ್ನಲ್ ಬಿಟ್ಟಾಗ ಯೆಜ್ಡಿಯವರನ್ನು ಹಿಂದೆ ಹಾಕಿದ್ದನ್ನು ಇಂದಿಗೂ ಹೇಳುತ್ತಾನೆ. ನಿಂತಲ್ಲಿಂದ ಹೊರಡುವುದರಲ್ಲಿ ಆರ್‌ಎಕ್ಸ್ ಮುಂದು, ಇದನ್ನು ಒಪ್ಪಬೇಕು. ಆದರೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಮಗ್ಗುಲಲ್ಲಿ ಚೀಲ ಕಟ್ಟಿಕೊಂಡು ನಂಜನಗೂಡಿನ ಕಡೆ ಹೊರಡಿ. ಆಗ ರೋಡ್‌ಕಿಂಗ್‌ಗೆ ಭಾರ ಗೊತ್ತೇ ಆಗಲ್ಲ.

ಮೈಸೂರು-ಬೆಂಗಳೂರು ಎಕ್ಸ್‌ಪ್ರೆಸ್‌ವೇ ಮೇಲೆ ಒಮ್ಮೆ ಓಡಿಸಿ ನೋಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. 2023ರ ಮಾರ್ಚ್‌ನಲ್ಲಿ ಅದು ಉದ್ಘಾಟನೆಯಾಯಿತು, ಅದೇ ವರ್ಷ ಆಗಸ್ಟ್ 1ರಿಂದ ಬೈಕುಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ. ನಾವು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ರೋಡ್‌ಕಿಂಗ್‌ಗೆ ಅದರಿಂದ ನಷ್ಟವಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಬನ್ನೂರು ಮೇಲೆ ಮಳವಳ್ಳಿಗೆ ಹೋಗುವ ರಸ್ತೆಯೋ, ಪಾಂಡವಪುರದಿಂದ ಜಕ್ಕನಹಳ್ಳಿ ಮೇಲೆ ಮೇಲುಕೋಟೆಗೆ ಹೋಗುವ ರಸ್ತೆಯೋ ಇದಕ್ಕೆ ಹೇಳಿ ಮಾಡಿಸಿದ್ದು. ಗದ್ದೆ, ನಾಲೆ, ಒಂದು ಊರು, ಮತ್ತೆ ಗದ್ದೆ. 60ರಲ್ಲಿ ಹೋದರೆ ಎಂಜಿನ್ನಿನ ಸದ್ದೂ ಗಾಳಿಯೂ ಒಂದಕ್ಕೊಂದು ಜಗಳ ಆಡುವುದಿಲ್ಲ.

ಇನ್ನು ಬೆಟ್ಟ. ಹತ್ತುವುದರ ಬಗ್ಗೆ ಎಲ್ಲರೂ ಹೇಳುತ್ತಾರೆ, ಅದು ಪೂರ್ತಿ ನಿಜ. ಲಲಿತಮಹಲ್ ಕಡೆಯಿಂದ ಚಾಮುಂಡಿ ಬೆಟ್ಟದ ರಸ್ತೆ ಹಿಡಿದು, ಹಿಂದೆ ನನ್ನ ಅಕ್ಕನನ್ನು ಕೂರಿಸಿಕೊಂಡು ಮೂರನೇ ಗೇರಿನಲ್ಲೇ ಬಹುದೂರ ಹೋಗುತ್ತೇನೆ. ತಿರುವಿನಲ್ಲಿ ಮಾತ್ರ ಎರಡು. ಇವತ್ತಿನ ಎಷ್ಟೋ ಗಾಡಿಗಳು ಅಲ್ಲಿ ಎರಡರಲ್ಲೇ ಏದುಸಿರು ಬಿಡುತ್ತವೆ.

ಇಳಿಯುವುದರ ಬಗ್ಗೆ ಯಾರೂ ಹೇಳಲ್ಲ. ಈ ಗಾಡಿಯನ್ನು ಕೊಳ್ಳುವವರು ಮೊದಲು ಕಲಿಯಬೇಕಾದದ್ದು ಇಳಿಯುವುದನ್ನು. ಎರಡು ಕಾರಣ.

ಈ ಗಾಡಿಯ ಟೂ ಸ್ಟ್ರೋಕ್ ಎಂಜಿನ್‌ಗೆ ಬೇರೆ ಆಯಿಲ್ ಇಲ್ಲ. ಪೆಟ್ರೋಲ್ ಜೊತೆ ಬೆರೆಸಿದ ಆಯಿಲ್ಲೇ ಪಿಸ್ಟನ್ನಿಗೂ ಬೇರಿಂಗಿಗೂ ಹೋಗಬೇಕು. ಗೇರ್ ಬಾಕ್ಸಿನ ಆಯಿಲ್ ಬೇರೆ, ಅದು ಅಲ್ಲಿಗೆ ತಲುಪಲ್ಲ. ಇಳಿಜಾರಿನಲ್ಲಿ ನಾವು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಪೆಟ್ರೋಲ್ ಒಳಗೆ ಹೋಗುವುದು ನಿಂತಂತೆಯೇ. ಅಂದರೆ ಆಯಿಲ್ಲೂ ನಿಂತಿತು. ಆದರೆ ಚಕ್ರ ಎಂಜಿನ್ನನ್ನು ಜೋರಾಗಿ ಸುತ್ತಿಸುತ್ತಲೇ ಇರುತ್ತದೆ. ಒಣ ಪಿಸ್ಟನ್ ಬಿಸಿಯಾಗಿ ಸಿಲಿಂಡರನ್ನು ಕಚ್ಚಿಕೊಳ್ಳುತ್ತದೆ. ಇದನ್ನೇ ಸೀಜ್ ಆಯ್ತು ಅನ್ನುವುದು. ಪಾಂಡವಪುರದ ಒಬ್ಬ ನಿವೃತ್ತ ಮೇಷ್ಟ್ರು ಮೇಲುಕೋಟೆಯಿಂದ ಇಳಿಯುವಾಗ ಹೀಗೇ ಆದದ್ದನ್ನು ನನಗೆ ಹೇಳಿದರು. ಹಿಂದಿನ ಚಕ್ರ ಇದ್ದಕ್ಕಿದ್ದ ಹಾಗೆ ನಿಂತು ಗಾಡಿ ಜಾರತೊಡಗಿತು. ಕ್ಲಚ್ ಮೇಲೆ ಬೆರಳು ಇದ್ದದ್ದರಿಂದ ಒತ್ತಿದರು, ಚಕ್ರ ಬಿಟ್ಟುಕೊಂಡಿತು, ಉಳಿದರು. ಹಿಂದೆ ಹೆಂಡತಿ ಕೂತಿದ್ದರು, ಮಡಿಲಲ್ಲಿ ಪುಳಿಯೋಗರೆ ಡಬ್ಬಿ. ಎಲ್ಲರೂ ಕ್ಷೇಮ. ಅಂದಿನಿಂದ ಅವರು ಎಡಗೈಯ ಎರಡು ಬೆರಳು ಕ್ಲಚ್ ಬಿಟ್ಟು ತೆಗೆದವರಲ್ಲ. ನಾನೂ ಅವರನ್ನು ನೋಡಿ ಅದನ್ನೇ ಪಾಲಿಸುತ್ತೇನೆ.

ಮಾವ ಹೇಳಿಕೊಟ್ಟ ಪಾಠ ಇನ್ನೂ ಸುಲಭ. "ಇಳಿಜಾರಲ್ಲಿ ಆಗಾಗ ಅದಕ್ಕೆ ಒಂದು ಗುಟುಕು ಕೊಡ್ತಾ ಇರಮ್ಮ." ಬ್ರೇಕ್ ಹಿಡಿದು ನಿಧಾನವಾಗಿ ಇಳಿಯುತ್ತ, ನಡುನಡುವೆ ಕ್ಲಚ್ ಒತ್ತಿ ಆಕ್ಸಿಲರೇಟರ್ ಸ್ವಲ್ಪ ತಿರುವುವುದು. ಆಯಿಲ್ ಒಳಗೆ ಹೋಗುತ್ತದೆ.

ಎರಡನೇ ಕಾರಣ ಬ್ರೇಕ್. ಹಿಂದೆ ಮುಂದೆ ಎರಡೂ ಡ್ರಮ್. ಟೂ ಸ್ಟ್ರೋಕ್ ಆದ್ದರಿಂದ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಗಾಡಿಯನ್ನು ಅಷ್ಟಾಗಿ ಹಿಡಿಯುವುದಿಲ್ಲ. ಫೋರ್ ಸ್ಟ್ರೋಕ್ ಓಡಿಸಿದವರಿಗೆ ಇದು ಮೊದಲಿಗೆ ಗಾಬರಿ ಹುಟ್ಟಿಸುತ್ತದೆ. ಎಲ್ಲ ಭಾರ ಡ್ರಮ್ಮಿನ ಮೇಲೆ. ಬೆಟ್ಟ ಇಳಿಯುತ್ತ ಎಡೆಬಿಡದೆ ಹಿಡಿದರೆ ಡ್ರಮ್ ಬಿಸಿಯಾಗಿ ಬ್ರೇಕ್ ಮೆತ್ತಗಾಗುತ್ತದೆ. ಹಿಡಿ, ಬಿಡು, ಹಿಡಿ, ಬಿಡು. ಹಾಗೇ ಇಳಿಯಬೇಕು. ಹಳೆ ನೆನಪುಗಳಲ್ಲಿ ಬ್ರೇಕ್ ಬರುವುದೇ ಇಲ್ಲ, ಯಾಕೆಂದರೆ ಆಗ ರಸ್ತೆಯಲ್ಲಿದ್ದ ಎಲ್ಲ ಗಾಡಿಗೂ ಅಂಥದೇ ಬ್ರೇಕ್ ಇತ್ತು, ಎದುರು ಬರುವವರೂ ಕಡಿಮೆ. ಈಗ ನಮ್ಮ ಮುಂದಿನ ಕಾರಿಗೆ ನಾಲ್ಕೂ ಚಕ್ರಕ್ಕೆ ಎಬಿಎಸ್. ಅದು ನಿಂತ ಕಡೆ ನಾವು ನಿಲ್ಲಲ್ಲ. ನಾನು ಮುಂದಿನ ಗಾಡಿಗೂ ನನಗೂ ನಡುವೆ ಬೇರೆಯವರಿಗಿಂತ ಎರಡು ಪಟ್ಟು ಜಾಗ ಬಿಡುತ್ತೇನೆ. ನಡುವೆ ಆಟೋ ತೂರಿದರೆ ಮತ್ತೆ ಹಿಂದಕ್ಕೆ ಸರಿಯುತ್ತೇನೆ. ಬ್ರೇಕ್‌ಗೆ ನಾನು ಕೊಡುವ ಅಂಕ ಹತ್ತಕ್ಕೆ ಮೂರು, ಅದೂ ಲೈನರ್ ಹೊಸದಿದ್ದು ಕ್ಯಾಮ್ ಸರಿಯಿದ್ದರೆ ಮಾತ್ರ. ಹೊಸ ಹುಡುಗರಿಗೆ ಬೇಜಾರಾದರೂ ಪರವಾಗಿಲ್ಲ, ಇದನ್ನು ಮೆತ್ತಗೆ ಹೇಳಲು ಮನಸ್ಸಿಲ್ಲ.

ಸದ್ದಿನ ಬಗ್ಗೆ ಎಷ್ಟು ಬೇಕಾದರೂ ಬರೆಯಬಹುದು. ಎರಡು ಸೈಲೆನ್ಸರ್ ನೋಡಿ ಎರಡು ಸಿಲಿಂಡರ್ ಅಂದುಕೊಳ್ಳುವವರು ತುಂಬಾ ಜನ. ಸಿಲಿಂಡರ್ ಒಂದೇ. ಹೊಗೆ ಹೊರಗೆ ಹೋಗುವ ದಾರಿ ಎರಡು, ಅದಕ್ಕೇ ಪೈಪು ಎರಡು. ನಿಂತಲ್ಲಿ ಗಾಡಿ ತಾಳ ತಪ್ಪಿದ ಹಾಗೆ ಬಡಿಯುತ್ತದೆ. ಒಂದು ಹೊಡೆತ, ಒಂದು ಬಿಡುವು, ಮತ್ತೆ ಎರಡು ಹೊಡೆತ. ಆಕ್ಸಿಲರೇಟರ್ ಮುಚ್ಚಿರುವಾಗ ಹಿಂದಿನ ಸುತ್ತಿನ ಹೊಗೆ ಪೂರ್ತಿ ಹೊರಗೆ ಹೋಗಿರುವುದಿಲ್ಲ, ಹಾಗಾಗಿ ಪ್ರತಿ ಸಲವೂ ಬೆಂಕಿ ಹತ್ತುವುದಿಲ್ಲ. ಸ್ವಲ್ಪ ತಿರುವಿದರೆ ಎಲ್ಲ ಹೊಡೆತಗಳೂ ಸೇರಿಕೊಂಡು ಒಂದೇ ದನಿಯಾಗುತ್ತವೆ. ಆ ಬದಲಾವಣೆ ನನಗೆ ಈ ಗಾಡಿಯ ಅತಿ ಇಷ್ಟದ ಗಳಿಗೆ. ಎಲ್ಲರಿಗೂ ನೆನಪಿರುವುದೂ ಅದೇ ಅಂತ ನನ್ನ ನಂಬಿಕೆ. ಅದಕ್ಕೆ ಏನನ್ನುತ್ತಾರೆ ಅಂತ ಗೊತ್ತಿಲ್ಲದಿದ್ದರೂ ಬಾಯಲ್ಲಿ ಆ ಸದ್ದು ಮಾಡಿ ತೋರಿಸದ ಮಾಲೀಕರನ್ನು ನಾನು ಇನ್ನೂ ನೋಡಿಲ್ಲ.

ಸೈಲೆನ್ಸರ್ ಒಳಗಿನ ಜಾಲರಿ ಕೊಳವೆ ತೆಗೆದು ಓಡಿಸುವವರಿಗೆ ಒಂದು ಮಾತು. ಹಾಗೆ ಮಾಡಿದರೆ ಸದ್ದು ಜಾಸ್ತಿಯಾಗುತ್ತದೆ, ಎಳೆತ ಕಡಿಮೆಯಾಗುತ್ತದೆ. ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರ್ ಎಂಜಿನ್ನಿನ ಭಾಗ. ಹೊರಗೆ ಹೋಗುತ್ತಿರುವ ಹೊಸ ಪೆಟ್ರೋಲನ್ನು ಅದು ಸ್ವಲ್ಪ ತಡೆದು ಒಳಗೆ ಉಳಿಸುತ್ತದೆ. ಕಾರ್ಬನ್ ಕಟ್ಟಿದಾಗ ಕೊಳವೆ ತೆಗೆದು ಸುಟ್ಟು ಉಜ್ಜಿ ವಾಪಸ್ ಹಾಕಿ. ಒಂಟಿಕೊಪ್ಪಲಿನ ಬೀದಿಯಲ್ಲಿ ಬೆಳಗ್ಗೆ ಆರು ಗಂಟೆಗೆ ಹೊರಡುವವಳು ನಾನು. ನೆರೆಯವರು ಇದುವರೆಗೆ ಬೈದಿಲ್ಲ.

ಹೊಗೆಯನ್ನೂ ಹೇಳಬೇಕು. ಹೊಸ ಮಿಶ್ರಣ ಒಳಗೆ ಬರುವಾಗಲೇ ಹೊಗೆಯ ದಾರಿಯೂ ತೆರೆದಿರುತ್ತದೆ, ಹಾಗಾಗಿ ಒಂದಿಷ್ಟು ಪೆಟ್ರೋಲ್ ಉರಿಯದೆಯೇ ಹೊರಗೆ ಹೋಗುತ್ತದೆ. ಇದು ಈ ಎಂಜಿನ್ನಿನ ಹುಟ್ಟುಗುಣ, ಟ್ಯೂನಿಂಗ್‌ನಿಂದ ಪೂರ್ತಿ ಹೋಗಲ್ಲ. ಮಕ್ಕಳಿಗೆ ವಾಯುಮಾಲಿನ್ಯದ ಪಾಠ ಮಾಡುವವಳಾಗಿ ನಾನು ಇದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಪೇಟೆಯ ಟ್ರಾಫಿಕ್ಕಿಗೆ ಆದಷ್ಟು ಈ ಗಾಡಿ ತೆಗೆಯುವುದಿಲ್ಲ. ಅಲ್ಲಿಗೆ ಸಿಟಿ ಬಸ್ಸಿದೆ.

ಮೈಲೇಜ್ ಲೀಟರಿಗೆ 28ರ ಹತ್ತಿರ. ಲೀಟರಿಗೆ 40 ಎಂಎಲ್ 2ಟಿ, ಅಂದರೆ ಟೂ ಸ್ಟ್ರೋಕ್ ಆಯಿಲ್ ಬೆರೆಸುತ್ತೇನೆ. ಟ್ಯಾಂಕಿಗೆ ಮೊದಲು ಆಯಿಲ್, ಆಮೇಲೆ ಪೆಟ್ರೋಲ್ ಹಾಕಿಸಿದರೆ ಚೆನ್ನಾಗಿ ಬೆರೆಯುತ್ತದೆ.

ಆದರೆ ಪೆಟ್ರೋಲ್ಲೇ ಈಗ ಬೇರೆ. ಬಂಕ್‌ನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತದ್ದು. ಆ ಎಥನಾಲ್ ತಯಾರಾಗುವ ಮೂಲಗಳಲ್ಲಿ ಕಬ್ಬೂ ಒಂದು. ಮಂಡ್ಯದವರಿಗೆ ಇದು ಒಳ್ಳೆಯ ಸುದ್ದಿ, ನಾನು ದೂರುವುದಿಲ್ಲ. ಆದರೆ ರೋಡ್‌ಕಿಂಗ್ ತಯಾರಾದ ಕಾಲದ ರಬ್ಬರುಗಳು ಎಥನಾಲ್‌ಗೆ ಅಂತ ಮಾಡಿದ್ದಲ್ಲ. ಪೆಟ್ರೋಲ್ ಪೈಪು ಗಟ್ಟಿಯಾಗಿ ಬಿರಿಯುತ್ತದೆ, ನಲ್ಲಿಯ ವಾಷರ್ ಉಬ್ಬುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಗಾಡಿ ವಾರಗಟ್ಟಲೆ ನಿಂತರೆ ಆ ನೀರು ಟ್ಯಾಂಕಿನ ತಳ ಸೇರಿ ತುಕ್ಕು ಹಿಡಿಸುತ್ತದೆ. ನಾನು ಪೈಪು, ವಾಷರ್ ಎಲ್ಲ ಈ ಪೆಟ್ರೋಲ್‌ಗೆ ತಡೆಯುವ ಮಾಲಿಗೆ ಬದಲಿಸಿದ್ದೇನೆ. ಕಾರ್ಬೊರೇಟರ್ ಜೆಟ್, ಅಂದರೆ ಪೆಟ್ರೋಲ್ ಹರಿಯುವ ತೂತಿನ ಭಾಗ, ಒಂದು ಅಳತೆ ದೊಡ್ಡದು ಹಾಕಿಸಿದ್ದೇನೆ, ಏಕೆಂದರೆ ಎಥನಾಲ್ ಇದ್ದಾಗ ಎಂಜಿನ್‌ಗೆ ಇಂಧನ ಸ್ವಲ್ಪ ಜಾಸ್ತಿಯೇ ಬೇಕು. ಕೊಡದಿದ್ದರೆ ಬಿಸಿಯಾಗುತ್ತದೆ, ಬಿಸಿಯಾದರೆ ಮತ್ತೆ ಅದೇ ಸೀಜ್. ರಜೆಯಲ್ಲಿ ಊರಿಗೆ ಹೋಗುವಾಗ ನಲ್ಲಿ ಮುಚ್ಚಿ, ಕಾರ್ಬೊರೇಟರಿನಲ್ಲಿದ್ದದ್ದು ಖಾಲಿಯಾಗುವ ತನಕ ಎಂಜಿನ್ ಓಡಿಸಿ ನಿಲ್ಲಿಸುತ್ತೇನೆ.

ಬಿಡಿಭಾಗ ಸಿಗುತ್ತಾ ಅನ್ನುವುದು ಮುಂದಿನ ಪ್ರಶ್ನೆ. ಸಿಗುತ್ತದೆ. ಪಿಸ್ಟನ್, ರಿಂಗು, ಕ್ಲಚ್ ಪ್ಲೇಟು, ಕೇಬಲ್ಲು, ಪ್ರೈಮರಿ ಚೈನು ಈಗಲೂ ಹೊಸದು ಸಿಗುತ್ತವೆ. ಗುಣಮಟ್ಟ ಮಾತ್ರ ಒಂದೊಂದು ಒಂದೊಂದು ಥರ. ಒಮ್ಮೆ ಒಂದು ಅಂಗಡಿಯಲ್ಲಿ ಒರಿಜಿನಲ್ ಅಂತ ಕೊಟ್ಟ ಕ್ರ್ಯಾಂಕ್ ಸೀಲು ಒಂದು ಬೇಸಿಗೆಯೂ ಬಾಳಲಿಲ್ಲ. ಸೀಲು ಹೋದರೆ ಕ್ರ್ಯಾಂಕ್ ಕೇಸಿಗೆ ಹೊರಗಿನ ಗಾಳಿ ನುಗ್ಗುತ್ತದೆ, ಎಂಜಿನ್ ತನ್ನಷ್ಟಕ್ಕೆ ರೇಸ್ ಆಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಇಳಿಯಲ್ಲ. ಇಂಥ ಲಕ್ಷಣ ಕಂಡರೆ ಓಡಿಸಬೇಡಿ. ನನ್ನ ಮೇಸ್ತ್ರಿ ಇರುವುದು ಮಂಡಿ ಮೊಹಲ್ಲಾದಲ್ಲಿ. ವಯಸ್ಸಾಗಿದೆ, ಕಣ್ಣು ಮಂಜು, ಆದರೆ ಪ್ಲಗ್ ಬಿಚ್ಚಿ ಅದರ ಬಣ್ಣ ನೋಡಿದರೆ ಸಾಕು, ಎಂಜಿನ್ನಿನ ಪೂರ್ತಿ ಜಾತಕ ಹೇಳುತ್ತಾರೆ. ಕಪ್ಪಗೆ ಒದ್ದೆಯಿದ್ದರೆ ಆಯಿಲ್ ಜಾಸ್ತಿ, ಬಿಳಿಯಿದ್ದರೆ ಪೆಟ್ರೋಲ್ ಸಾಲದು, ಕಾಫಿ ಬಣ್ಣವಿದ್ದರೆ ಸರಿ. ಅವರ ಹತ್ತಿರ ಇಬ್ಬರು ಹುಡುಗರು ಕಲಿಯುತ್ತಿದ್ದಾರೆ. ನನಗೆ ಅದು ದೊಡ್ಡ ಸಮಾಧಾನ.

2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಹೊಸ ಗಾಡಿಗಳು ಬಂದಿವೆ. 334 ಸಿಸಿ, ಫೋರ್ ಸ್ಟ್ರೋಕ್, ಡಿಸ್ಕ್ ಬ್ರೇಕ್, ಎಬಿಎಸ್. ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ದಿನಾ ದೂರ ಓಡಿಸುವವರಿಗೆ, ಹಿಂದೆ ಮಕ್ಕಳನ್ನು ಕೂರಿಸಿಕೊಂಡು ಹೋಗುವವರಿಗೆ ನಾನು ಅದನ್ನೇ ಹೇಳುತ್ತೇನೆ. ರೋಡ್‌ಕಿಂಗ್ ಜೊತೆ ಹೋಲಿಸಿ ಬೇಜಾರು ಮಾಡಿಕೊಳ್ಳಬೇಡಿ, ಎರಡೂ ಬೇರೆ ಗಾಡಿ.

ಹಳೆಯದೇ ಬೇಕು ಅನ್ನುವವರಿಗೆ ನನ್ನ ತೀರ್ಪು ಇದು. ವಾರಕ್ಕೊಮ್ಮೆಯಾದರೂ ಓಡಿಸುವವರಾದರೆ, ಕೈ ಕೊಳೆ ಮಾಡಿಕೊಳ್ಳಲು ಬೇಸರವಿಲ್ಲದಿದ್ದರೆ, ಖಂಡಿತ ತಗೊಳ್ಳಿ. ರೋಡ್‌ಕಿಂಗ್ ಕೊಡುವ ಎಳೆತ, ಆ ಸದ್ದು, ಹಳ್ಳಿ ರಸ್ತೆಯ ಆ ನಿರಾಳ ನನಗೆ ಬೇರೆ ಯಾವ ಗಾಡಿಯಲ್ಲೂ ಸಿಕ್ಕಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿಯವರೆಲ್ಲ ಒಟ್ಟಿಗೆ ಸೇರಿ ಓಡಿಸುತ್ತಾರಲ್ಲ, ಆ ಒಂದು ದಿನಕ್ಕೆ ಮಾತ್ರ ಹೊರಗೆ ತೆಗೆಯಲು ಬೇಕಾದರೆ ತಗೋಬೇಡಿ. ನಿಂತ ಗಾಡಿ ಓಡುವ ಗಾಡಿಗಿಂತ ಬೇಗ ಹಾಳಾಗುತ್ತದೆ.

ಬೆಲೆ ಈಗ ಮೇಲಕ್ಕೇ ಹೋಗಿದೆ. ಬಣ್ಣ ಹೊಡೆದು ಕ್ರೋಮ್ ಮಾಡಿಸಿದ ಗಾಡಿಗೆ ಒಂದು ಲಕ್ಷಕ್ಕೂ ಜಾಸ್ತಿ ಕೇಳುತ್ತಾರೆ. ಬಣ್ಣಕ್ಕೆ ಮರುಳಾಗಬೇಡಿ. ಎಂಜಿನ್ ನಂಬರು, ಚಾಸಿ ನಂಬರು ಎರಡೂ ಆರ್‌ಸಿ ಜೊತೆ ಹೊಂದಬೇಕು. ಎಷ್ಟೋ ಗಾಡಿಗಳಲ್ಲಿ ಎಂಜಿನ್ ಒಂದರದ್ದು, ಚಾಸಿ ಇನ್ನೊಂದರದ್ದು. ಆರ್‌ಸಿ ಅವಧಿ ಮುಗಿದಿದೆಯಾ ನೋಡಿ. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನವೀಕರಣ, ಹಸಿರು ತೆರಿಗೆ ಇರುತ್ತದೆ. ಅದನ್ನು ಮಾರುವವರೇ ಮುಗಿಸಿ ಕೊಡಲಿ, ಆಮೇಲೆ ದುಡ್ಡು ಕೊಡಿ.

ಗಾಡಿ ನೋಡಲು ಹೋದಾಗ ಮೊದಲು ಸಿಲಿಂಡರ್ ಮುಟ್ಟಿ. ಬಿಸಿಯಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ. ಹತ್ತಿರದಲ್ಲೆಲ್ಲಾದರೂ ಕಾಫಿ ಕುಡಿದು, ಅದು ತಣ್ಣಗಾದ ಮೇಲೆ ವಾಪಸ್ ಹೋಗಿ ನೀವೇ ಕಿಕ್ ಮಾಡಿ ನೋಡಿ.